ಅಂಗಿ ಮಡಿಸುವ ಹಾಡು

ರಾಗ ಮೊದಲು ಹುಟ್ಟಿ ಮಾತು ಆಮೇಲೆ ಬರುವ ಕಡೆಯೆಲ್ಲ ಡಮ್ಮಿ ಸಾಲು ಎಂಬುದೊಂದು ಇರುತ್ತದೆ. ರಾಗದ ಅಳತೆ ಸಿಗಲಿ ಎಂದು ಬಾಯಿಗೆ ಬಂದ ಮಾತು ತುಂಬಿ ಹಾಡಿಸುವುದು, ನಿಜವಾದ ಮಾತು ಬಂದ ದಿನ ಅದನ್ನು ಅಳಿಸಿ ಹಾಕುವುದು. ದರ್ಜಿ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಪೇಪರು ಕತ್ತರಿಸಿ ಮೈಮೇಲಿಟ್ಟು ನೋಡುತ್ತಾನಲ್ಲ, ಹಾಗೆ. ಆ ಪೇಪರನ್ನೇ ತೊಟ್ಟುಕೊಂಡು ಯಾರೂ ಬೀದಿಗೆ ಹೋಗುವುದಿಲ್ಲ. ಅಣ್ಣ ಹೋದ. ಹೋದವನಿಗೆ ಊರಿಗೆ ಊರೇ ಚಪ್ಪಾಳೆ ಹೊಡೆಯಿತು.

ಅವರದು ಅಣ್ಣ ತಂಗಿಯ ಬ್ಯಾಂಡು. ಅಣ್ಣ ಹಾಡುವವನು. ತಂಗಿ ಕೀಬೋರ್ಡು ನುಡಿಸುತ್ತಿದ್ದಳು, ರಾಗ ಕಟ್ಟುತ್ತಿದ್ದಳು, ಮಾತೂ ಬರೆಯುತ್ತಿದ್ದಳು. ಡ್ರಮ್ಸ್ ಬಾರಿಸುವವನನ್ನು ಎಲ್ಲರೂ ಡಬ್ಬ ಎನ್ನುತ್ತಿದ್ದರು, ಅವನ ಹೆಂಡತಿಯೂ. ಗಿಟಾರಿನವರು ವರ್ಷಕ್ಕೊಬ್ಬರು ಬಂದು ಹೋಗುತ್ತಿದ್ದರು. ಬಂದವರಿಗೆಲ್ಲ ಮದುವೆಯಾಗಿ ಬುದ್ಧಿ ಬರುತ್ತಿತ್ತು. ಅಭ್ಯಾಸ ನಡೆಯುತ್ತಿದ್ದದ್ದು ಟೈರು ಗೋದಾಮಿನ ಹಿಂದಿನ ಕೋಣೆಯಲ್ಲಿ. ಕಿಟಕಿಯಿಲ್ಲ, ಒಂದೇ ಬಲ್ಬು, ಬಟ್ಟೆಗೂ ಕೂದಲಿಗೂ ಅಂಟುವ ರಬ್ಬರಿನ ವಾಸನೆ.

ಅಂಥ ಕೋಣೆಗೆ ಒಂದು ದಿನ ಅಣ್ಣ ಹೊಸ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ತೆಗೆಯಲಿಲ್ಲ. ಗತ್ತಿನಿಂದ ನಡೆದು ಬಂದವನು ಲಾರಿ ಟೈರೊಂದಕ್ಕೆ ಎಡವಿ ದಬಕ್ಕನೆ ಡ್ರಮ್ಸಿನ ಮೇಲೆ ಬಿದ್ದ.

"ಪರವಾಗಿಲ್ಲ ಕಣೋ, ತಾಳಕ್ಕೇ ಬಿದ್ದಿದೀಯ" ಎಂದ ಡಬ್ಬ.

ಅಣ್ಣ ಎದ್ದು, ಮೊಣಕೈ ಉಜ್ಜಿಕೊಂಡು, ಕನ್ನಡಕ ಸರಿಮಾಡಿಕೊಂಡ. "ನಗಿ ನಗಿ. ದೊಡ್ಡ ಸ್ಟೇಜ್ ಮೇಲೆ ಹೀಗೇ ಬಿದ್ರೆ ಸ್ಟೈಲು ಅಂತಾರೆ."

ತಂಗಿಯ ಕೈಯಲ್ಲಿ ಆ ವಾರ ಒಂದು ರಾಗವಿತ್ತು. ಅದು ಅಮ್ಮನ ಮೇಲೆ ಬರೆಯಬೇಕಾದ ಹಾಡಿನ ರಾಗವೆಂದು ಅವಳಿಗೆ ಗೊತ್ತಿತ್ತು, ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ರಾಗ ಕೈತಪ್ಪಿ ಹೋಗಬಾರದಲ್ಲ. ಬಿದ್ದವನನ್ನು ನೋಡಿ ನಗುತ್ತ ನಗುತ್ತಲೇ ಅದಕ್ಕೊಂದು ಡಮ್ಮಿ ತುಂಬಿದಳು:

ಕಪ್ಪು ಕನ್ನಡಕ ಹಾಕ್ಕೊಂಡು ಕತ್ತಲಲ್ಲಿ ನಡೀತೀನಿ
ಎಡವಿ ಬಿದ್ರೆ ಅದನ್ನೂನೂ ಡಾನ್ಸು ಅಂತ ಕರೀತೀನಿ
ರಾಕ್ ಸ್ಟಾರು, ನಾ ರಾಕ್ ಸ್ಟಾರು
ಮುಂದೆ ಜನ, ಹಿಂದೆ ಕಾರು
ನನ್ನ ಬಿಟ್ರೆ ಇನ್ಯಾರು?

ಅಣ್ಣ ಓದಿದ. ಬೈಯುತ್ತಾನೆ ಎಂದುಕೊಂಡರೆ ಮೈಕಿನ ಮುಂದೆ ಹೋಗಿ ನಿಂತ. ಒಂದೇ ಸಲ ಹಾಡಿದ. ಡಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತ ಬಾರಿಸಿದ, ಆ ನಗುವೂ ಒಳಗೆ ಸೇರಿಕೊಂಡಿತು. ರೆಕಾರ್ಡಿಂಗ್ ಮಾಡುತ್ತಿದ್ದವರು ಕಿವಿಯಣ್ಣ. ಬೀದಿಯಲ್ಲಿ ಹೋಗುವ ಸ್ಕೂಟರಿನ ಹಾರ್ನ್ ಯಾವ ಸ್ವರದಲ್ಲಿದೆ ಎಂದು ಹೇಳಬಲ್ಲ ಮನುಷ್ಯ. ಅವರು ಇಯರ್‌ಫೋನ್ ತೆಗೆದು, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಕೇಳಿದರು.

ಆಮೇಲೆ ನಿಜವಾದ ಮಾತು ಬಂತು. ಅಮ್ಮ ಬದುಕಿನ ಒಳ್ಳೇ ಪಾಲನ್ನು ಕಳೆದದ್ದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಇಸ್ತ್ರಿ ಕೋಣೆಯಲ್ಲಿ. ಶಾಲೆ ಬಿಟ್ಟ ಮೇಲೆ ಅಣ್ಣ ಆಟಕ್ಕೆ ಹೋದರೆ ತಂಗಿ ಅಲ್ಲಿಗೆ ಹೋಗಿ ಮೇಜಿನ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ತಲೆಯೆತ್ತಿದರೆ ಆವಿ, ಆವಿಯೊಳಗೆ ಬಂದು ಹೋಗುವ ಎರಡು ಕೈ. ಇದನ್ನೆಲ್ಲ ಅಮ್ಮನ ಎದುರು ಕೂತು ಹೇಳುವ ಮನೆ ಅದಲ್ಲ. ಹೇಳಹೋದರೆ ಅಮ್ಮ "ಊಟ ಮಾಡಿದ್ಯಾ?" ಅನ್ನುತ್ತಾಳೆ. ಹಾಡಿನಲ್ಲಾದರೆ ಹೇಳಬಹುದು. ನಾಲ್ಕು ಜನರ ನಡುವೆ ಕೂರಿಸಿ, ಮೇಲಿಂದ ಬೆಳಕು ಬಿಟ್ಟು, ನೋಡಮ್ಮ ನಾನು ನೋಡಿದ್ದೆ ಎಂದು ಹೇಳಬಹುದು. ತಂಗಿಗೆ ಬೇಕಾಗಿದ್ದದ್ದು ಅಷ್ಟೇ. ಬ್ಯಾಂಡು, ಕೀಬೋರ್ಡು, ಟೈರಿನ ವಾಸನೆ ಎಲ್ಲವೂ ಇದೊಂದಕ್ಕೆ ಎಂದು ಕೆಲವು ಸಲ ಅವಳಿಗೆ ಅನ್ನಿಸುತ್ತಿತ್ತು.

ಹೊಸ ಮಾತು ಹಾಕಿ ಅಚ್ಚುಕಟ್ಟಾಗಿ ಹಾಡಿಸಿದರು. ಕಿವಿಯಣ್ಣ ಅದನ್ನು ಮ್ಯೂಸಿಕ್ ಕಂಪನಿಗೆ ಕಳಿಸಿದರು. ಕಂಪನಿ ಬಿಡುಗಡೆ ಮಾಡಿತು. ಮಾಡಿದ್ದು ಡಮ್ಮಿಯನ್ನು.

"ಎರಡಕ್ಕೂ ಒಂದೇ ಹೆಸರಿಟ್ಟಿದ್ದೆ ಕಣಮ್ಮಾ, ಯಾವುದೋ ಹೋಗಿ ಯಾವುದೋ ಆಯ್ತು" ಎಂದರು ಕಿವಿಯಣ್ಣ, ತಂಗಿಯ ಮುಖ ನೋಡದೆ.

ತಂಗಿ ಕಂಪನಿಗೆ ಫೋನು ಮಾಡುವಷ್ಟರಲ್ಲಿ ಹಾಡು ಮನೆ ಬಿಟ್ಟು ಓಡಿಹೋಗಿತ್ತು. ಕ್ಷೌರದಂಗಡಿಯಲ್ಲಿ, ಜಿಮ್ಮಿನಲ್ಲಿ, ಕಾರಿನ ಕಿಟಕಿಯಲ್ಲಿ, ಶಾಲೆಯ ವ್ಯಾನಿನಲ್ಲಿ. "ನನ್ನ ಬಿಟ್ರೆ ಇನ್ಯಾರು" ಎಂದು ಅಂಗಿಗಳ ಮೇಲೆ ಅಚ್ಚಾಯಿತು. ಜನ ಕತ್ತಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಣಿದರು. "ಎಡವಿ ಬಿದ್ರೆ" ಬಂದ ತಕ್ಷಣ ಗುಂಪುಗುಂಪಾಗಿ ಬೇಕೆಂದೇ ಬಿದ್ದರು. ಒಬ್ಬ ಹಲ್ಲು ಮುರಿದುಕೊಂಡು ಆ ಫೋಟೋ ಹಾಕಿದ. ಅದಕ್ಕೂ ಚಪ್ಪಾಳೆ.

ಪತ್ರಿಕೆಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಪತ್ರಿಕೆ ಇದನ್ನು ವರ್ಷದ ಅತ್ಯಂತ ಟೊಳ್ಳು ಹಾಡು ಎಂದಿತು: ಅಲ್ಪನಿಗೆ ಐಶ್ವರ್ಯ ಬಂದದ್ದು ಹಾಗಿರಲಿ, ಬರುವ ಮುಂಚೆಯೇ ಕೊಡೆ ಹಿಡಿದಿದ್ದಾನೆ. ಹಳೇ ತಲೆಮಾರಿನ ಗಿಟಾರ್ ವಾದಕರೊಬ್ಬರು, ನಾವು ಬೆರಳು ಸವೆಸಿದ್ದು ಇಂಥವರಿಗಾಗಿಯೇನು ಎಂದು ಅತ್ತರು. ಇನ್ನೊಂದು ದಪ್ಪ ಪತ್ರಿಕೆಯ ವಿಮರ್ಶಕ ಎರಡು ಪುಟ ಬರೆದು, ಖ್ಯಾತಿಯ ಹಸಿವನ್ನು ಇಷ್ಟು ಹರಿತವಾಗಿ ಗೇಲಿ ಮಾಡಿದ ಹಾಡು ಈಚೆಗೆ ಬಂದೇ ಇಲ್ಲ ಎಂದ. ಓದುಗರ ಮತದಾನವೊಂದರಲ್ಲಿ ಹಾಡು ಆ ವರ್ಷದ ಶ್ರೇಷ್ಠ ಹಾಡೂ ಆಯಿತು, ನಿಕೃಷ್ಟ ಹಾಡೂ ಆಯಿತು. ಎರಡಕ್ಕೂ ಮತ ಹಾಕಿದವರು ಬಹುಪಾಲು ಒಂದೇ ಜನ ಎಂದು ಡಬ್ಬನ ಅನುಮಾನ.

ರೇಡಿಯೋದವರು ಇಬ್ಬರನ್ನೂ ಕರೆಸಿದರು.

"ನಮ್ಮ ಕೇಳುಗರೆಲ್ಲಾ ಒಂದೇ ಪ್ರಶ್ನೆ ಕೇಳ್ತಿದಾರೆ. ಈ ಹಾಡು ಗೇಲಿನಾ, ನಿಜಾನಾ?"

"ಗೇಲಿ" ಎಂದಳು ತಂಗಿ.

"ನಿಜ" ಎಂದ ಅಣ್ಣ, ಅದೇ ಉಸಿರಿಗೆ.

ನಿರೂಪಕಿ ಕೇಕೆ ಹಾಕಿದಳು. "ಎಷ್ಟು ಚೆನ್ನಾಗಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದೀರ!"

ಅಮ್ಮನಿಗೆ ಯಾವ ಗೊಂದಲವೂ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಎರಡು ಕೋಣೆಯ ಮನೆಯಲ್ಲಿ ಏನು ಮಾಡುವುದೆಂದು ತಿಳಿಯದೆ ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮಡಿಸುತ್ತಿದ್ದವಳು ಈಗ ಬಾಲ್ಕನಿಯಲ್ಲಿ ನಿಂತು "ಮುಂದೆ ಜನ, ಹಿಂದೆ ಕಾರು" ಎಂದು ಗುನುಗುತ್ತಿದ್ದಳು. ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕರೆ "ಏನು ರಾಕ್ ಸ್ಟಾರಮ್ಮ, ಕಾರು ಎಲ್ಲಿ?" ಎಂದು ಕೇಳಬೇಕು, ಅವಳು "ತೊಳೆಯೋಕೆ ಹೋಗಿದೆ" ಅನ್ನಬೇಕು. ದಿನಾ.

"ನೀನೇ ಅಲ್ವೇನೆ ಬರೆದಿದ್ದು? ಅಲ್ಲಾ, ಹೆಂಗೆ ಹೊಳೀತೇ ನಿಂಗೆ!" ಎಂದು ಅವಳು ಮಗಳ ಬೆನ್ನು ತಟ್ಟಿದಾಗ ತಂಗಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗುತ್ತಿತ್ತು. ಅದೇ ರಾಗವಮ್ಮ, ಅದು ನಿನ್ನದು ಕಣಮ್ಮ ಎಂದು ಹೇಳುವುದು ಹೇಗೆ?

ಎರಡು ವರ್ಷ ಅಣ್ಣ ಅದನ್ನೇ ಹಾಡಿದ. ಮದುವೆಯಲ್ಲಿ, ಅಂಗಡಿ ಉದ್ಘಾಟನೆಯಲ್ಲಿ, ಕಾರ್ಖಾನೆಯೊಂದರ ವಾರ್ಷಿಕೋತ್ಸವದಲ್ಲಿ. ಬೇರೆ ಯಾವ ಹಾಡು ಎತ್ತಿಕೊಂಡರೂ ಜನ ಮೂರನೇ ಸಾಲಿಗೆ ಫೋನು ತೆಗೆಯುತ್ತಿದ್ದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಡಬ್ಬ ಅಣಕಿಸಿದರೆ ಅಣ್ಣನಿಗೆ ಸಿಟ್ಟೂ ಬರುತ್ತಿರಲಿಲ್ಲ. ಹೊಳೆಯುವ ಕೋಟು ಹೊಲಿಸಿಕೊಂಡ. ಕನ್ನಡಕ ಮನೆಯೊಳಗೂ ತೆಗೆಯುವುದನ್ನು ಬಿಟ್ಟ.

ಆಗ ಕಂಪನಿಯವರು ಒಂದು ಸಭಾಂಗಣ ಹಿಡಿದರು. ಜನರ ಮುಂದೆ ಹಾಡಿಸಿ, ಚಪ್ಪಾಳೆ ಸಮೇತ ರೆಕಾರ್ಡ್ ಮಾಡಿ ಬಿಡುವ ಯೋಚನೆ. ಸಂಜೆಯ ಬಾಡಿಗೆ ಜಾಸ್ತಿ ಎಂದು ಭಾನುವಾರದ ಮಧ್ಯಾಹ್ನ. ತಂಗಿ ಅಣ್ಣನನ್ನು ಗೋದಾಮಿನ ಹೊರಗೆ, ಟೈರುಗಳ ರಾಶಿಯ ಮುಂದೆ ನಿಲ್ಲಿಸಿ ಹೇಳಿದಳು:

"ಈ ಸಲ ಅಮ್ಮನ ಹಾಡು ಹಾಡ್ತೀಯ. ಆ ರಾಗಕ್ಕೆ ನಿಜವಾದ ಮಾತು ಹಾಕಿ. ಅಮ್ಮ ಮುಂದಿನ ಸಾಲಲ್ಲಿ ಕೂತಿರ್ತಾಳೆ."

"ರಾಕ್ ಸ್ಟಾರ್?"

"ಇಲ್ಲ. ಒಂದು ದಿನ ಬೇಡ. ತಪ್ಪಾಗಿ ಹೋಗಿದ್ದನ್ನ ಎರಡು ವರ್ಷ ಹೊತ್ಕೊಂಡಿದೀನಿ, ಸಾಕು."

ಅಣ್ಣ ಒಂದು ಟೈರಿನ ಮೇಲೆ ಕೂತ. ಕನ್ನಡಕ ತೆಗೆದ. ಹಾಗೆ ತೆಗೆದಾಗ ಅವನ ಕಣ್ಣು ಆಗತಾನೆ ಎದ್ದ ಮಗುವಿನ ಕಣ್ಣಿನಂತಿರುತ್ತಿತ್ತು.

"ತಪ್ಪಾಗಿ ಹೋಗಿದ್ದಲ್ಲ ಕಣೇ ಅದು."

"ಏನು?"

"ಯಾವುದು ಕಳಿಸ್ಲಿ ಅಂತ ಕಿವಿಯಣ್ಣ ನನ್ನ ಕೇಳಿದ್ರು. ನಾನೇ ಹೇಳ್ದೆ. ಇದು ಅಂತ."

ಒಳಗೆ ಡಬ್ಬ ಏನೋ ಬಿಗಿ ಮಾಡುತ್ತ ಟಪ್ ಟಪ್ ಎಂದು ಬಡಿಯುತ್ತಿದ್ದ.

"ನಿನ್ನ ಆಡ್ಕೊಂಡು ಬರೆದಿದ್ದು ಕಣೋ ಅದು! ನೀನು ಎಡವಿ ಬಿದ್ದಿದ್ದು!"

"ಗೊತ್ತಿಲ್ವಾ ನಂಗೆ? ಆಡ್ಕೊಂಡ್ರೂ ನನ್ನ ಬಗ್ಗೆ ತಾನೆ." ಅವನು ಕನ್ನಡಕದ ಗಾಜನ್ನು ಅಂಗಿಯ ತುದಿಗೆ ಒರೆಸಿದ. "ನೀನು ಎಷ್ಟು ಹಾಡು ಬರೆದಿದೀಯ. ಮಳೆ, ಬೀದಿ, ಅಮ್ಮ, ಸತ್ತ ಬೆಕ್ಕು. ಎಲ್ಲಾ ಹಾಡಿದೀನಿ. ಒಂದ್ರಲ್ಲಾದ್ರೂ ನಾನಿದೀನಾ ಹೇಳು. ಇದ್ರಲ್ಲಿ ಇದೀನಿ. ನೀನು ನಗ್ತಾ ಬರೆದೆ, ನಾನು ನಗದೆ ಹಾಡ್ದೆ. ಅಷ್ಟೇ."

ಅವಳು ಅವನ ಕೆನ್ನೆಗೆ ಹೊಡೆಯಬಹುದಿತ್ತು. ಹೊಡೆಯುವ ವಯಸ್ಸು ದಾಟಿತ್ತು. "ಹಾಗಾದ್ರೆ ನೀನು ನಂಗೆ ಒಂದು ಹಾಡು ಬಾಕಿ" ಎಂದಳು.

"ಆಯ್ತು. ಕನ್ನಡಕ ತೆಗೆದು ಹಾಡ್ತೀನಿ. ಅಮ್ಮನಾಣೆ."

ಮಾತಿಗೆ ತಪ್ಪಲಿಲ್ಲ. ಅಭ್ಯಾಸದಲ್ಲಿ ಅವನು ಅದನ್ನು ಹಾಡಿದ ರೀತಿಗೆ ಡಬ್ಬ ಕಡ್ಡಿ ಕೆಳಗಿಟ್ಟು ಕಣ್ಣುಜ್ಜಿಕೊಂಡ. "ಥೂ, ಈ ರಬ್ಬರ್ ಧೂಳು" ಎಂದ. ಆಮೇಲೆ ತಂಗಿಯನ್ನು ಪಕ್ಕಕ್ಕೆ ಕರೆದ.

"ತಂಗಿ, ಒಂದು ಮಾತು. ರಾಗ ಬದಲಾಯ್ಸು. ಮಾತು ಬೇರೆ ಆದ್ರೇನು, ರಾಗ ಕಿವಿಗೆ ಬಿದ್ದ ಕೂಡ್ಲೇ ಜನ ಬೀಳೋಕೆ ಶುರು ಮಾಡ್ತಾರೆ."

"ರಾಗ ಅಮ್ಮಂದು. ಜನ ಬಾಡಿಗೆಗೆ ಇದ್ರು, ಈಗ ಖಾಲಿ ಮಾಡ್ತಾರೆ."

"ಬಾಡಿಗೆಯವ್ರು ಖಾಲಿ ಮಾಡಿದ್ದು ಎಲ್ಲಾದ್ರೂ ನೋಡಿದೀಯಾ?" ಎಂದ ಡಬ್ಬ. ತನ್ನ ಹಾಸ್ಯಕ್ಕೆ ತಾನೇ ನಗಲಿಲ್ಲ.

ಭಾನುವಾರ ಸಭಾಂಗಣ ತುಂಬಿತು. ಹೊರಗೆ ಬಿಸಿಲಿತ್ತು, ಒಳಗೆ ಬಂದವರೆಲ್ಲ ಕಪ್ಪು ಕನ್ನಡಕ ತೆಗೆಯದೆ ಒಬ್ಬರ ಕಾಲು ಒಬ್ಬರು ತುಳಿಯುತ್ತ ಕುರ್ಚಿ ಹುಡುಕಿದರು. ಕಿವಿಯಣ್ಣ ಮೂಲೆಯಲ್ಲಿ ಯಂತ್ರದ ಮುಂದೆ. ಅಮ್ಮ ಮುಂದಿನ ಸಾಲಿನ ನಡುವೆ, ಮಡಿಕೆ ಮುರಿಯದ ಬಟ್ಟೆಯಲ್ಲಿ, ಮಡಿಲಲ್ಲಿ ಚೀಲವಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ನೆಟ್ಟಗೆ ಕೂತಿದ್ದಳು. ಪಕ್ಕದವನಿಗೆ ಏನೋ ಹೇಳಿದಳು. ಅವನು ಎದ್ದು ನಿಂತು ಅವಳ ಕೈ ಕುಲುಕಿದ. ಗಾಯಕನ ತಾಯಿ ಎಂದು ಹೇಳಿಕೊಂಡಿರಬೇಕು.

ಮೊದಲ ಹಾಡುಗಳನ್ನು ಜನ ಸಹಿಸಿಕೊಂಡರು. ಆಮೇಲೆ ಅಣ್ಣ ತಂಗಿಯತ್ತ ತಿರುಗಿ ತಲೆಯಾಡಿಸಿದ. ಅವಳು ರಾಗ ಎತ್ತಿಕೊಂಡಳು, ಅರ್ಧ ವೇಗದಲ್ಲಿ, ಬೆರಳು ಬೆರಳನ್ನೇ ಕೇಳುತ್ತ. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಭಾಂಗಣ ಗುಡುಗಿತು.

ಅಣ್ಣ ಕೈಯೆತ್ತಿದ. ಕನ್ನಡಕ ತೆಗೆದು ಜೇಬಿಗಿಟ್ಟ. "ಇದು ನಮ್ಮಮ್ಮನ ಹಾಡು" ಎಂದ, ಮೆಲುದನಿಯಲ್ಲಿ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಆ ಕೋಟು ತೊಟ್ಟು, ಆ ರಾಗಕ್ಕೆ, ಆ ಮನುಷ್ಯ ಅಮ್ಮ ಅನ್ನುವುದೆಂದರೆ! ನಗು ಸಾಲಿನಿಂದ ಸಾಲಿಗೆ ಹಾರಿ ಮುಂದೆ ಬಂತು. ಅಣ್ಣ ಕಣ್ಣು ಮುಚ್ಚಿ ಶುರು ಮಾಡಿದ:

ಯಾರ ಅಂಗಿ ಮಡಿಸಿ ಮಡಿಸಿ ನಿನ್ನ ಕೈಗೆ ಮಡಿಕೆ ಬಿತ್ತು
ಆವಿಯೊಳಗೆ ನಿನ್ನ ಮುಖ ಒರೆಸಿದಂತೆ ಅಳಿಸಿಹೋಯ್ತು

ನಗು ಹೆಚ್ಚಾಯಿತು. ಅದರಲ್ಲಿ ದ್ವೇಷವಿರಲಿಲ್ಲ, ಅದೇ ಕಷ್ಟ. ಒಳ್ಳೇ ಮನಸ್ಸಿನ, ಹೊಟ್ಟೆತುಂಬ ನಗು. ಅಳುಮುಂಜಿ ತಾಯಿ ಹಾಡುಗಳನ್ನೆಲ್ಲ ಇವನು ಹೇಗೆ ಅಣಕಿಸುತ್ತಿದ್ದಾನೆ ನೋಡು ಎಂದು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ನಡುವಿನ ಸಾಲಿನಲ್ಲೊಬ್ಬ ಎದ್ದು ನಿಂತು, ಅಂಗಿ ಕಳಚಿ, ತಲೆಯ ಮೇಲೆ ಗಿರಗಿರ ತಿರುಗಿಸಿ ವೇದಿಕೆಗೆ ಎಸೆದ.

"ಇದನ್ನೂ ಮಡಿಸಮ್ಮೋ!"

ಅದು ಅಣ್ಣನ ಕಾಲ ಬಳಿ ಬಿತ್ತು. ಮತ್ತೊಂದು ಬಂತು. ಮತ್ತೊಂದು ಕೀಬೋರ್ಡಿನ ಮೇಲೆ ಬಿತ್ತು. ಬೆವರಿನ ವಾಸನೆಯ, ಬಿಸಿಯಿನ್ನೂ ಆರದ ಅಂಗಿ. ತಂಗಿ ಅದನ್ನು ಸರಿಸದೆ ಅದರ ಕೆಳಗೇ ಬೆರಳು ಹಾಕಿ ನುಡಿಸಿದಳು. ಹಾಡು, ನಿಲ್ಲಿಸಬೇಡ, ಕಣ್ಣು ತೆರೆಯಬೇಡ ಎಂದು ಅಣ್ಣನ ಬೆನ್ನಿಗೆ ಹೇಳಿದಳು.

ಅಣ್ಣ ಕಣ್ಣು ತೆರೆದ. ಕಾಲ ಬಳಿಯ ಅಂಗಿ ನೋಡಿದ. ಜನರನ್ನು ನೋಡಿದ. ಹದಿನೈದು ವರ್ಷ ವೇದಿಕೆಯ ಮೇಲೆ ನಿಂತವನ ಮೈಗೆ ತಲೆಗಿಂತ ಮೊದಲೇ ತಿಳಿಯುತ್ತದೆ. ಬಗ್ಗಿದ. ಅಂಗಿ ಎತ್ತಿಕೊಂಡ. ಮುಖ ಅಳುವಂತೆ ಮಾಡಿಕೊಂಡು, ಅದನ್ನು ಎದೆಗೆ ಒತ್ತಿ ಹಿಡಿದು, ಮಡಿಸತೊಡಗಿದ.

ಸಭಾಂಗಣ ಸಿಡಿಯಿತು. ಜನ ಕುರ್ಚಿ ಬಡಿದರು. ಅಣ್ಣ ಮಡಿಸಿದ್ದನ್ನು ಕೊಡವಿ ಮತ್ತೆ ಮಡಿಸಿದ, ಮೂಗು ಒರೆಸಿಕೊಂಡ, ಹಾಡಿದ ಎರಡು ಸಾಲನ್ನೇ ಗದ್ಗದದಿಂದ ಇನ್ನೊಮ್ಮೆ ಹಾಡಿದ. ತಂಗಿ ಕೆಳಗೆ ನೋಡಿದಳು. ಅಮ್ಮ ನಗುತ್ತಿದ್ದಳು. ಮೊದಲು ಅಕ್ಕಪಕ್ಕ ನೋಡಿ, ನಗಬಹುದು ತಾನೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು. ಕೈಕುಲುಕಿದ್ದವನು ಅವಳತ್ತ ಬಗ್ಗಿ ಏನೋ ಹೇಳಿದ. ಅವಳು ಇನ್ನಷ್ಟು ನಕ್ಕಳು.

ಪಲ್ಲವಿಗೆ ಹೊರಳುವ ನಾಲ್ಕು ಸ್ವರ ಕೀಬೋರ್ಡಿನದು. ಅವಳು ಕೊಡದೆ ಯಾರೂ ಹೊರಳುವಂತಿಲ್ಲ. ಅಣ್ಣ ತಿರುಗಿ ನೋಡಿದ, ಕಣ್ಣಲ್ಲಿ ನೀರು. ಯಾವುದರದೋ, ಅವನಿಗೂ ಗೊತ್ತಿರಲಿಕ್ಕಿಲ್ಲ. ಡಬ್ಬ ಕಡ್ಡಿ ಎತ್ತಿ ಹಿಡಿದು ಕಾಯುತ್ತಿದ್ದ. ಅವಳು ಕೊಡದೆ ಇರಬಹುದಿತ್ತು. ಎದ್ದು ಹೋಗಬಹುದಿತ್ತು. ಆಗ ಆ ಸದ್ದಡಗಿದ ಸಭೆಯಲ್ಲಿ ಅಮ್ಮನಿಗೆ, ತಾನು ನಕ್ಕದ್ದು ಯಾವುದಕ್ಕೆ ಎಂದು ತಿಳಿದುಬಿಡುತ್ತಿತ್ತು.

ನಾಲ್ಕು ಸ್ವರ ಕೊಟ್ಟಳು. ಡಬ್ಬ ಬಾರಿಸಿದ. ಅಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ರಾಕ್ ಸ್ಟಾರು, ನಾ ರಾಕ್ ಸ್ಟಾರು. ಜನ ಬಿದ್ದರು, ಎದ್ದರು, ಬಿದ್ದರು.

ಹಿಂದಿನ ಕೋಣೆಗೆ ಅಮ್ಮ ಬಂದಾಗ ಕಂಪನಿಯ ಮ್ಯಾನೇಜರ್ ಅಣ್ಣನನ್ನು ತಬ್ಬಿಕೊಂಡು ನಿಂತಿದ್ದ. ಅಮ್ಮ ಮಗಳ ಪಕ್ಕದ ಕುರ್ಚಿಯಲ್ಲಿ ಕೂತು, ಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡಳು.

"ನಕ್ಕೂ ನಕ್ಕೂ ಸಾಕಾಯ್ತು ಕಣೆ." ಕರವಸ್ತ್ರ ಮಡಿಸಿದಳು. "ಅಂಗಿ ಮಡಿಸೋದು ಅಂತ ಬಂತಲ್ಲ, ಅದು ನಂದು ತಾನೆ?"

ತಂಗಿ ತಂತಿ ಸುತ್ತುತ್ತಿದ್ದಳು. ಸುತ್ತುತ್ತಲೇ ಇದ್ದಳು.

"ಇರ್ಲಿ ಬಿಡು. ನನ್ನ ಆಡ್ಕೊಂಡ್ರೆ ಏನಂತೆ, ನಾನೇನು ಸವೀತೀನಾ? ಅವ್ನನ್ನ ಆಡ್ಕೊಂಡು ಬರ್ದೆ, ಅವ್ನು ಉದ್ಧಾರ ಆದ. ಜನ ಖುಷಿಪಟ್ರಲ್ಲ, ಅದು ಮುಖ್ಯ." ಮಗಳ ಮೊಣಕಾಲು ತಟ್ಟಿದಳು. "ಊಟ ಮಾಡಿದ್ಯಾ?"

"ಹೂಂ" ಎಂದಳು ತಂಗಿ.

ಅಮ್ಮಾ ಅದು ತಮಾಷೆಯಲ್ಲ ಎಂದರೆ, ಅಷ್ಟು ಜನ ನಿನ್ನನ್ನು ನೋಡಿಯೇ ನಕ್ಕರು ಎಂದಂತೆ. ತಮಾಷೆ ಎಂದರೆ, ಮಕ್ಕಳೇ ನಕ್ಕರು ಎಂದಂತೆ. ಎರಡನೆಯದನ್ನು ಅಮ್ಮ ಆಗಲೇ ಕ್ಷಮಿಸಿಯೂ ಆಗಿತ್ತು. ಆ ಕ್ಷಮೆಯನ್ನು ಸುಮ್ಮನೆ ಇಸಿದುಕೊಳ್ಳುವುದಷ್ಟೇ ಉಳಿದಿತ್ತು.

ರೆಕಾರ್ಡು ಹೊರಬಂತು, ನಗು ಸಮೇತ. ಕಿವಿಯಣ್ಣ ಒಂದೇ ಒಂದು ಕೆಮ್ಮನ್ನೂ ಕಳೆದಿರಲಿಲ್ಲ. ಟೊಳ್ಳು ಎಂದಿದ್ದ ಪತ್ರಿಕೆ, ಈ ಬ್ಯಾಂಡಿಗೆ ತಾಯಿಯೂ ಸರಕು ಎಂದು ಉಗಿಯಿತು. ದಪ್ಪ ಪತ್ರಿಕೆಯ ವಿಮರ್ಶಕ ಈ ಸಲ ಮೂರು ಪುಟ ಬರೆದ. ಹುಸಿ ಭಾವುಕತೆಯನ್ನು ಇಷ್ಟು ನಿರ್ದಯವಾಗಿ ಅಣಕಿಸಲು ಎಂಟೆದೆ ಬೇಕು. ಬೇಕೆಂದೇ ಸವಕಲಾಗಿ ಬರೆದ ಆ ಎರಡು ಸಾಲು ಈ ಕವಯಿತ್ರಿಯ ಕಸುಬಿಗೆ ಸಾಕ್ಷಿ. ಕವಯಿತ್ರಿ ಎಂದು ಯಾರಾದರೂ ಅವಳನ್ನು ಕರೆದದ್ದು ಅದೇ ಮೊದಲು. ಡಬ್ಬ ಅದನ್ನು ಕತ್ತರಿಸಿ ಗೋದಾಮಿನ ಗೋಡೆಗೆ ಅಂಟಿಸಿದ, ಅವಳು ಕಿತ್ತು ಹಾಕಿದಳು, ಅಣ್ಣ ಮತ್ತೆ ಅಂಟಿಸಿದ.

ಮ್ಯಾನೇಜರ್ ಫೋನು ಮಾಡಿ, ಇನ್ನು ಮೇಲೆ ಪ್ರತಿ ಶೋದಲ್ಲೂ ಅಂಗಿ ಮಡಿಸೋದು ಇರಲೇಬೇಕು ಎಂದ. ಹಾಗಾಗಿ ಮುಂದಿನ ಶೋಗೆ ಮುಂಚೆ ಅಣ್ಣ ನಾಲ್ಕು ಅಂಗಿ ಹಿಡಿದುಕೊಂಡು ಅಮ್ಮನ ಮನೆಗೆ ಬಂದ. ತಂಗಿ ಚಿಕ್ಕ ಕೀಬೋರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಳು.

"ಅವತ್ತು ಎಂಥ ಅಸಹ್ಯವಾಗಿ ಮಡಿಸ್ದೆ! ಕಾಲರ್ ಹಿಡಿದು ಮಡಿಸ್ತಾರೇನೋ ಯಾರಾದ್ರೂ? ನಾಚಿಕೆಯಾಯ್ತು ನಂಗೆ" ಎಂದಳು ಅಮ್ಮ. "ಬೋರಲು ಹಾಕು. ತೋಳು ಎರಡೂ ಬೆನ್ನ ಮೇಲೆ. ಹಾಂ. ಈಗ ಕೆಳಗಿಂದ ಎತ್ತು. ಕಾಲರ್ ಮೇಲಕ್ಕೇ ಬರ್ಬೇಕು."

ಅವಳ ಕೈ ಅಂಗಿಯ ಮೇಲೆ ಒಮ್ಮೆ ಹೋಯಿತು, ಒಮ್ಮೆ ಬಂತು. ಅಂಗಿ ಪುಸ್ತಕದಂತೆ ಮಲಗಿತ್ತು. ಅಣ್ಣ ಶಿಳ್ಳೆ ಹಾಕಿದ.

"ಎರಡು ಸಾಲು ಸಾಕಾಗಲ್ಲ ಕಣೇ. ತೋಳಿಗೆ ಬರೋಷ್ಟರಲ್ಲಿ ಹಾಡೇ ಮುಗಿಯತ್ತೆ. ಇನ್ನೆರಡು ಬರಿ."

"ಎಂಥದ್ದು?"

"ಇದೇ ತರ. ಅಳೋ ತರ. ನಾನು ಎಷ್ಟು ಅಳ್ತೀನೋ ಅವ್ರು ಅಷ್ಟು ನಗ್ತಾರೆ."

"ಕೈ ಕೈ ಅಂತ ಬೇಡ ಕಣೆ ಈ ಸಲ" ಎಂದಳು ಅಮ್ಮ, ಎರಡನೇ ಅಂಗಿ ಎಳೆದುಕೊಳ್ಳುತ್ತ. "ಕೈಗೇನಾಗಿತ್ತು ನಂಗೆ? ನೋಯ್ತಿದ್ದುದು ಕಾಲು. ನಿಂತೂ ನಿಂತೂ ಹಿಂಗೆ ಊದ್ಕೊಳ್ತಿತ್ತು, ಚಪ್ಪಲಿ ಒಳಗೆ ಹೋಗ್ತಿರ್ಲಿಲ್ಲ. ಸಂಜೆ ಬರಿಗಾಲಲ್ಲಿ ಬಸ್ ಹತ್ತಿದೀನಿ. ಮತ್ತೆ ಆ ಬೈಯೋ ಗಿರಾಕಿಗಳ ಅಂಗಿಗೆ ನೀರಿನ ಬದಲು ಉಗುಳಿ ಇಸ್ತ್ರಿ ಹಾಕ್ತಿದ್ವಿ, ನಾನೂ ಜೊತೇಲಿ ಕೆಲಸಕ್ಕಿದ್ದ ಆ ಕುಳ್ಳಿನೂ. ಅದನ್ನ ಬರೀಬಹುದಿತ್ತು. ನಿಂಗೆ ಹೇಳೇ ಇಲ್ವಾ ನಾನು?"

"ಇಲ್ಲ."

"ನೀನೆಲ್ಲಿ ಕೇಳ್ದೆ."

"ಕಾಲು ಸಕ್ಕತ್ತಾಗಿದೆ!" ಅಣ್ಣ ಎದ್ದು ನಿಂತ. ಒಂದು ಚಪ್ಪಲಿ ಕೈಯಲ್ಲಿ ಹಿಡಿದು, ಅಳುಮುಖ ಮಾಡಿಕೊಂಡು, ಕುಂಟುತ್ತ ಬಾಗಿಲಿನಿಂದ ಮೇಜಿನವರೆಗೆ ಬಂದ. ಅಮ್ಮನಿಗೆ ನಗು ತಡೆಯಲಿಲ್ಲ. "ಹಾಗಲ್ವೋ, ಎರಡೂ ಕಾಲು ನೋಯ್ತಿದ್ರೆ ಕುಂಟೋದು ಹೆಂಗೋ ಮಂಕೇ! ಹಿಂಗೆ" ಎಂದು ತಾನೇ ಎದ್ದು, ಗೋಡೆ ಹಿಡಿದುಕೊಂಡು, ಬಸ್ಸಿನ ಮೆಟ್ಟಿಲು ಹತ್ತುವಂತೆ ಒಂದೊಂದೇ ಪಾದ ಎತ್ತಿಟ್ಟು ತೋರಿಸಿದಳು. ಅಣ್ಣ ಅವಳ ಹಿಂದೆ ಹಾಗೇ ಎತ್ತಿಟ್ಟ. ಇಬ್ಬರೂ ಕೋಣೆಯ ಸುತ್ತ ಒಂದು ಸುತ್ತು ಬಂದರು.

"ನುಡಿಸೇ" ಎಂದ ಅಣ್ಣ, ತಿರುಗಿ ನೋಡದೆ. "ಮೆಲ್ಲಗೆ. ಅಮ್ಮನ ಕಾಲಿಗೆ ಸರಿಯಾಗಿ."

ತಂಗಿ ನುಡಿ​ಸಿದಳು.